ಪರದೆ ಯಾರಿಗೆ?

ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೀಡಾದ ವ್ಯಕ್ತಿ ಪ್ರಾಯಕ್ಕೆ ಬಂದು, ಮದುವೆಯಾಗಿ, ಮಕ್ಕಳನ್ನು ಹೆತ್ತ ಮೇಲೆ ಒಮ್ಮೆ ಬಾಯಿ ತೆರೆದರೆ ನಮ್ಮ ಉತ್ತರ ಸಿದ್ಧವಾಗಿರುತ್ತದೆ: ‘ಆದದ್ದು ಆಗಿಹೋಯಿತು, ಮನೆತನದ ಮಾನ ಕಳೆಯಬೇಡ.’ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನಮ್ಮ ಮನೆಗಳು ಇದಕ್ಕೆ ಹೊರತೆಂದು ಎದೆ ತಟ್ಟಿ ಹೇಳುವ ಧೈರ್ಯ ಯಾರಿಗಿದೆ?

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನವು ನೆರೆಯ ಮಹಾರಾಷ್ಟ್ರವೂ ಸೇರಿ 13 ರಾಜ್ಯಗಳಲ್ಲಿ ನಡೆದಿತ್ತು. ಮಾತನಾಡಿಸಿದ ಮಕ್ಕಳಲ್ಲಿ ಶೇ. 53ರಷ್ಟು ಮಂದಿ ಒಂದಿಲ್ಲೊಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡುಮಕ್ಕಳು. ಪೀಡಕರಲ್ಲಿ ಅರ್ಧದಷ್ಟು ಮಂದಿ ಪರಿಚಿತರು, ನಂಬಿಕೆಗೆ ಪಾತ್ರರಾದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಅವರೆಲ್ಲ ಇಂದು ವಯಸ್ಕರು.

ಹೇಳದ ನೋವು ಸಾಯುವುದಿಲ್ಲ. ನಿದ್ದೆಗೇಡಾಗಿ, ಕಾರಣ ತಿಳಿಯದ ಭಯವಾಗಿ, ದಾಂಪತ್ಯದಲ್ಲಿ ಜಿಗುಪ್ಸೆಯಾಗಿ, ತಪ್ಪು ತನ್ನದೇ ಎಂಬ ಕೊರಗಾಗಿ ಅದು ಮರಳಬಹುದು. ನಾವೋ ಅದನ್ನು ಜಿನ್ನ್‌ನ ಚೇಷ್ಟೆಯೆಂದು ತಾಯಿತ ಕಟ್ಟುತ್ತೇವೆ. ಒಳ್ಳೆಯ ಆಪ್ತಸಮಾಲೋಚಕರು ಮೊದಲು ನಂಬುತ್ತಾರೆ. ಅಪರಾಧ ನಿಮ್ಮದಲ್ಲ ಎನ್ನುತ್ತಾರೆ. ಎಷ್ಟು ಹೇಳಬೇಕು, ಯಾವಾಗ ಹೇಳಬೇಕೆಂಬುದನ್ನು ಸಂತ್ರಸ್ತರಿಗೇ ಬಿಡುತ್ತಾರೆ. ಗೋಪ್ಯತೆಯಂತೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೀಡಿದ ಹಕ್ಕು.

ತಪ್ಪನ್ನು ಮುಚ್ಚಿಡುವುದು ಪುಣ್ಯವೆಂದು ವಾದಿಸುವವರಿಗೊಂದು ಪ್ರಶ್ನೆ. ಕೆಟ್ಟ ಮಾತಿನ ಬಹಿರಂಗ ಪ್ರಸ್ತಾಪ ಅಲ್ಲಾಹನಿಗೆ ಮೆಚ್ಚಿಕೆಯಲ್ಲವೆಂದು ತಿಳಿಸುವ ಕುರ್‌ಆನಿನ ಅನ್ನಿಸಾ ಅಧ್ಯಾಯದ 148ನೆಯ ಸೂಕ್ತವೇ ಅನ್ಯಾಯಕ್ಕೊಳಗಾದವರಿಗೆ ವಿನಾಯಿತಿಯನ್ನೂ ಕೊಟ್ಟಿದೆ. ಆ ವಿನಾಯಿತಿಯನ್ನು ಮರ್ದಿತರಿಂದ ಕಸಿದು ಮರ್ದಕನಿಗೆ ಪರದೆ ಹೊದಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಮಾರ್ಗಗಳಿವೆ. 2022ರಲ್ಲಿ ಆರಂಭವಾದ ಟೆಲಿಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ನ್ಯಾಯ ಬಯಸುವವರಿಗೆ, ಪೋಕ್ಸೋ ಅಡಿಯ ದೂರಿಗೆ ಕಾಲಮಿತಿಯಿಲ್ಲವೆಂದು ಕೇಂದ್ರ ಸರಕಾರ 2018ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಮಗ್ಗದ ಕೂಲಿ ಬಿಟ್ಟು ಬನಹಟ್ಟಿಯಿಂದ ಧಾರವಾಡಕ್ಕೆ ಮತ್ತೆ ಮತ್ತೆ ಹೋಗಿಬರುವುದು ಎಷ್ಟು ಮಂದಿಗೆ ಸಾಧ್ಯ? ತರಬೇತಿ ಪಡೆದ ಸಮಾಲೋಚಕರು, ವಿಶೇಷವಾಗಿ ಮಹಿಳೆಯರು, ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ನಿತ್ಯ ದೊರೆಯಬೇಕು. ಶಾದಿಮಹಲಿಗಾಗಿ ಮನವಿ ಹಿಡಿದು ಶಾಸಕರ ಬಾಗಿಲಿಗೆ ಹೋಗುವ ನಮ್ಮ ಅಂಜುಮನ್‌ಗಳು ಈ ಬೇಡಿಕೆಯನ್ನೂ ಒಯ್ಯಲಿ. ತಪ್ಪು ಮಗುವಿನದಲ್ಲ ಎಂಬ ಮಾತು ಜುಮಾ ಖುತ್ಬಾದಲ್ಲಿ ಮೊಳಗಲಿ.

ಮನೆತನದ ಮಾನ ಕಾಯ್ದೆವೆಂಬ ನೆಪ ಪರಲೋಕದ ವಿಚಾರಣೆಯಲ್ಲಿ ನಡೆಯದು. ಮರ್ದಿತರ ಮೊರೆಗೆ ಕಿವಿ ಮುಚ್ಚಿಕೊಂಡದ್ದಕ್ಕೆ ಅಲ್ಲಿ ನಾವು ಉತ್ತರಿಸಲೇಬೇಕು.