ಗಾಳಿಯ ಹೆಸರನ್ನೇ ಮುಚ್ಚಿಟ್ಟವರು

1925ರ ಮಾರ್ಚ್ 18. ಅಮೆರಿಕದ ಇಲಿನಾಯ್ ರಾಜ್ಯದ ಮರ್ಫಿಸ್‌ಬರೋ. ಮಧ್ಯಾಹ್ನ ಎರಡೂವರೆ. ಮಕ್ಕಳು ಶಾಲೆಯಲ್ಲಿ, ಕೂಲಿಯವರು ರೈಲ್ವೆ ವರ್ಕ್‌ಶಾಪಿನಲ್ಲಿ. ಸುಂಟರಗಾಳಿ ನುಗ್ಗಿತು. ಕೆಲವೇ ನಿಮಿಷ. ಆ ಒಂದು ಊರಲ್ಲೇ 234 ಜನ ಸತ್ತರು. ಪಕ್ಕದ ಡಿ ಸೋಟೊದಲ್ಲಿ ಶಾಲೆಯೇ ಮಕ್ಕಳ ಮೇಲೆ ಕುಸಿದು 33 ಜೀವ ಹೋಯಿತು. ಮೂರು ರಾಜ್ಯಗಳಲ್ಲಿ ಒಟ್ಟು 695.

ಮರ್ಫಿಸ್‌ಬರೋದಲ್ಲಿ ಗಾಳಿ ದಾಟಿದ ಮೇಲೆ ಬೆಂಕಿ ಎದ್ದಿತು. ನೀರಿನ ಸರಬರಾಜು ನೆಲಕಚ್ಚಿತ್ತು. ಪೈಪಿನಲ್ಲಿ ನೀರಿಲ್ಲ. ಗಾಳಿಗೆ ಸಾಯದೆ ಮರದ ತೊಲೆಗಳ ಅಡಿ ಸಿಕ್ಕಿಕೊಂಡವರು ಅಲ್ಲೇ ಬೆಂದು ಹೋದರು.

ವಿಧಿ ಅಂತೀರಾ? ನಾನು ಒಪ್ಪುವುದಿಲ್ಲ.

ಗಾಳಿ ಪ್ರಕೃತಿಯದು. ಮೌನ ಯಾರದು? ಅಮೆರಿಕದ ಹವಾಮಾನ ಇಲಾಖೆಯದು. ಮುನ್ಸೂಚನೆಯಲ್ಲಿ 'ಟಾರ್ನೆಡೊ' ಎಂಬ ಮಾತೇ ಬರಕೂಡದು ಎಂಬ ಕಟ್ಟಪ್ಪಣೆ 1880ರ ದಶಕದಿಂದಲೇ ಇತ್ತು. ಯಾಕೆ? ಜನ ಹೆದರಿ ದಿಕ್ಕಾಪಾಲಾಗುತ್ತಾರಂತೆ! ಜನರನ್ನು ಏನೆಂದುಕೊಂಡಿದ್ದರು ಇವರು? ಬೆದರಿ ಓಡುವ ಕುರಿಮಂದೆಯೆಂದೇ?

ಸೇನೆಯ ಜಾನ್ ಫಿನ್ಲಿ 1884ರಲ್ಲೇ ಸುಂಟರಗಾಳಿಯ ಮುನ್ಸೂಚನೆಯ ಪ್ರಯೋಗ ಮಾಡಿದ್ದ. ವಿಜ್ಞಾನ ಇನ್ನೂ ಎಳಸಾಗಿತ್ತು, ನಿಜ. ಎಳಸಾಗಿದ್ದನ್ನು ಸಾಕಿ ಬೆಳೆಸಬೇಕಿತ್ತು. ಕತ್ತು ಹಿಸುಕಿದರು.

ಮಿಸೌರಿಯ ಅನಾಪೊಲಿಸ್ ಊರು ಮಧ್ಯಾಹ್ನ ಒಂದೂಕಾಲರ ಹೊತ್ತಿಗೇ ಪುಡಿಯಾಗಿತ್ತು. ಅದೇ ಗಾಳಿ ಮರ್ಫಿಸ್‌ಬರೋ ಮುಟ್ಟಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಒಂದು ಗಂಟೆ! ದೇಶದಲ್ಲಿ ತಂತಿ ಇತ್ತು, ಟೆಲಿಫೋನ್ ಇತ್ತು. ಊರಿಂದ ಊರಿಗೆ ಎಚ್ಚರಿಕೆ ದಾಟಿಸುವ ಏರ್ಪಾಡು ಮಾತ್ರ ಇರಲಿಲ್ಲ. ಹೆಸರೇ ಹೇಳಬಾರದ ಗಾಳಿಗೆ ಏರ್ಪಾಡು ಮಾಡುವವರು ಯಾರು? ಶಾಲೆಯ ಮಕ್ಕಳನ್ನು ನೆಲಮಾಳಿಗೆಗೆ ಇಳಿಸಲು ಎಷ್ಟು ಹೊತ್ತು ಬೇಕು?

ಇನ್ನೂ ಕೇಳಿ. ಅಷ್ಟು ಹೆಣ ಬಿದ್ದ ಮೇಲಾದರೂ ಬಾಯಿ ಬಿಟ್ಟರೇ? ಇಲ್ಲ. 1948ರ ಮಾರ್ಚ್‌ನಲ್ಲಿ ಓಕ್ಲಹೋಮದ ವಾಯುನೆಲೆಗೆ ಸುಂಟರಗಾಳಿ ಬಡಿದು ಸೇನೆಯ ವಿಮಾನಗಳು ಜಖಂ ಆದವು. ಆಗ ನೋಡಿ ಚುರುಕು! ಐದೇ ದಿನಕ್ಕೆ ಅಲ್ಲಿನ ಇಬ್ಬರು ಅಧಿಕಾರಿಗಳು ಮುಂದಿನ ಸುಂಟರಗಾಳಿಯನ್ನು ಮೊದಲೇ ಹೇಳಿದರು. ಆ ಇಬ್ಬರಿಗೆ ಶರಣು. ಆದರೆ ಜನಸಾಮಾನ್ಯರಿಗೆ ಆ ಮಾತು ಹೇಳಬಹುದೆಂದು ಹವಾಮಾನ ಇಲಾಖೆ ಒಪ್ಪಿದ್ದು 1950ರಲ್ಲಿ. ವಿಮಾನಕ್ಕೆ ಸಿಕ್ಕ ಎಚ್ಚರಿಕೆ ಡಿ ಸೋಟೊದ ಮಕ್ಕಳಿಗೆ ಯಾಕೆ ಸಿಗಲಿಲ್ಲ? ಲೋಹಕ್ಕಿರುವ ಬೆಲೆ ಕೂಸಿಗಿಲ್ಲವೇ?

ನೂರು ವರ್ಷ ಹಳೆಯ ಕಥೆ ಎಂದು ಪುಟ ಮಗುಚಬೇಡಿ. ಕುರ್ಚಿಯಲ್ಲಿ ಕೂತವರು ತಾವಾಗಿ ಬಾಯಿ ಬಿಡುವವರಲ್ಲ. ಜನ ಗಾಬರಿಯಾಗುತ್ತಾರೆ, ಅದಕ್ಕೇ ಹೇಳಲಿಲ್ಲ ಎನ್ನುವ ಅಧಿಕಾರಿ ಎಲ್ಲಿ ಎದುರಾದರೂ ದಾರಿಗೆ ಅಡ್ಡ ನಿಂತು ಕೇಳಿ: ಹೆದರಿ ಸತ್ತವರೆಷ್ಟು, ತಿಳಿಯದೆ ಸತ್ತವರೆಷ್ಟು, ಲೆಕ್ಕ ಕೊಡು.