ಹೊಸ ಯಂತ್ರಗಳೂ ನಮ್ಮ ಹೆಣ್ಣುಮಕ್ಕಳೂ



ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಶಾಲೆಯ ಹಿರಿಮೆಯನ್ನು ಕೊಂಡಾಡಿ ಮುಗಿಸಿಬಿಡಬಹುದಾಗಿತ್ತು. ಆದರೆ ಈಚಿನ ವರ್ಷಗಳಲ್ಲಿ ನನ್ನನ್ನು ಕಾಣಲು ಬರುವ ತಂದೆತಾಯಿಗಳಲ್ಲಿ ಬಹುಮಂದಿ ಕೇಳುವ ಪ್ರಶ್ನೆ ಒಂದೇ ಆಗಿದೆ: ಕಂಪ್ಯೂಟರು, ಮೊಬೈಲು, ಕೇಳಿದೊಡನೆ ಪ್ರಬಂಧವನ್ನೇ ಬರೆದುಕೊಡುವ ಯಂತ್ರ, ಇವೆಲ್ಲವೂ ನಮ್ಮ ಹುಡುಗಿಯರ ತರಗತಿಗೆ ಬೇಕೇ? ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಅರಿಕೆ ಮಾಡಿಕೊಳ್ಳುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 2020ರ ಮಾರ್ಚಿನಲ್ಲಿ ಕೋವಿಡ್ ಪಿಡುಗಿನಿಂದ ಶಾಲೆಗಳು ಮುಚ್ಚಿದವು. ಆ ಜುಲೈ ತಿಂಗಳಿನಿಂದ ಸರ್ಕಾರದವರು ದೂರದರ್ಶನದ ಚಂದನ ವಾಹಿನಿಯಲ್ಲಿ 'ಸೇತುಬಂಧ ಸಂವೇದ' ಪಾಠಗಳನ್ನು ಬಿತ್ತರಿಸತೊಡಗಿದರು. ನಾವು ಉಪಾಧ್ಯಾಯಿನಿಯರು ವಾಟ್ಸ್ಆ್ಯಪಿನಲ್ಲಿ ಪಾಠಗಳನ್ನು ಕಳುಹಿಸುತ್ತಿದ್ದೆವು. ಸಂಜೆ ಐದು ಗಂಟೆಯೊಳಗೆ ಉತ್ತರ ಕಳುಹಿಸಿದವರನ್ನು ಹಾಜರೆಂದೂ ಉಳಿದವರನ್ನು ಗೈರುಹಾಜರೆಂದೂ ನಾನು ಬರೆದುಕೊಳ್ಳುತ್ತಿದ್ದೆನು. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಿಂದ ಬರುತ್ತಿದ್ದ ಹತ್ತನೆಯ ತರಗತಿಯ ಹುಡುಗಿಯ ಹೆಸರಿನ ಮುಂದೆ ದಿನದಿನವೂ ಗೈರುಹಾಜರಿಯೇ ಬಿದ್ದಿತು. ಸೋಮಾರಿಯೆಂದು ನಾನು ತೀರ್ಮಾನಿಸಿಬಿಟ್ಟೆನು. 2021ರ ಜನವರಿ 1ರಂದು ಹತ್ತನೆಯ ತರಗತಿಗಳು ಪುನಃ ಆರಂಭವಾದಾಗ ಆಕೆ ತುಂಬಿದ ಎರಡು ನೋಟುಬುಕ್ಕುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಒಂದು ಪಾಠವೂ ತಪ್ಪಿರಲಿಲ್ಲ. ಮನೆಗೆ ಇದ್ದದ್ದು ಒಂದೇ ಫೋನು. ಹಗಲೆಲ್ಲ ಅದು ತಂದೆಯೊಡನೆ ಹೊಲದಲ್ಲಿರುತ್ತಿತ್ತು, ರಾತ್ರಿ ಅಣ್ಣನ ಕೈಗೆ ಹೋಗುತ್ತಿತ್ತು. ಎಲ್ಲರೂ ಮಲಗಿದ ಮೇಲೆ ಇವಳ ಸರದಿ. ಪಾಠವನ್ನು ನೋಡಿ ಬರೆದುಕೊಳ್ಳುವಷ್ಟರಲ್ಲಿ ಅಂದಿನ ಡೇಟಾ ಮುಗಿದಿರುತ್ತಿತ್ತು. ನನ್ನ ಹಾಜರಿ ಪುಸ್ತಕವು ಆಕೆಯ ಶ್ರದ್ಧೆಯನ್ನು ಅಳೆದಿರಲಿಲ್ಲ. ಆ ಮನೆಯಲ್ಲಿ ಫೋನು ಯಾರ ಕೈಯಲ್ಲಿತ್ತೆಂಬುದನ್ನು ಅಳೆದಿತ್ತು.

ಇದು ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15ರಿಂದ 49 ವಯಸ್ಸಿನ ಪುರುಷರಲ್ಲಿ ಶೇಕಡಾ 57.1 ಮಂದಿ ಒಮ್ಮೆಯಾದರೂ ಅಂತರ್ಜಾಲವನ್ನು ಬಳಸಿದ್ದರೆ, ಅದೇ ವಯಸ್ಸಿನ ಸ್ತ್ರೀಯರಲ್ಲಿ ಹಾಗೆ ಬಳಸಿದವರು ಶೇಕಡಾ 33.3 ಮಾತ್ರ. ಆದುದರಿಂದ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬುದು ನಮ್ಮ ಮೊದಲ ಪ್ರಶ್ನೆಯಾಗಬಾರದು. ಅದು ಯಾರ ಕೈಯಲ್ಲಿದೆ, ಎಷ್ಟು ಹೊತ್ತು ಇದೆ, ಅದರಿಂದ ಆಕೆ ಏನು ಮಾಡುತ್ತಾಳೆ ಎಂಬುದೇ ಪ್ರಶ್ನೆ.

"ಅಕ್ಕೋರೆ, ಹುಡುಗಿ ಕೈಯಾಗ ಫೋನ್ ಕೊಟ್ರ ಮಂದಿ ಏನಂತಾರ?" ಎಂದು ತಾಯಿಯೊಬ್ಬರು ನನ್ನನ್ನು ಕೇಳಿದರು. ಆ ಭಯವನ್ನು ನಾನು ಹಗುರವಾಗಿ ಕಾಣುವವಳಲ್ಲ. ಪರದೆಯ ಆಚೆ ಕಪಟಿಗಳು ಇರುವುದು ನಿಜ. ಆದರೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯವೊಂದುಂಟು. ಮಗಳ ಕೈಯಲ್ಲಿ ಫೋನು ಕಂಡಿತೆಂಬ ಒಂದೇ ಕಾರಣಕ್ಕೆ ಶಾಲೆ ಬಿಡಿಸಿ, ಹದಿನೆಂಟು ತುಂಬುವ ಮೊದಲೇ ವರನನ್ನು ಹುಡುಕುವ ಮನೆಗಳನ್ನು ನಾನು ಕಂಡಿದ್ದೇನೆ. ತಪ್ಪು ಮಾಡಿದ್ದು ಯಂತ್ರ, ದಂಡ ತೆತ್ತದ್ದು ಹುಡುಗಿ! ಹಿಂದಿನವರು ಲೇಖನಿಯ ವಿಷಯದಲ್ಲಿಯೂ ಹೀಗೆಯೇ ಹೆದರಿದ್ದರು. ಹೆಣ್ಣು ಅಕ್ಷರ ಕಲಿತರೆ ಕೆಡುತ್ತಾಳೆಂಬುದು ಆಗಿನ ಮಾತು. 1848ರಲ್ಲಿ ಪುಣೆಯಲ್ಲಿ ಹುಡುಗಿಯರ ಶಾಲೆ ಆರಂಭವಾದಾಗ, ಪಾಠ ಹೇಳಲು ಹೋಗುತ್ತಿದ್ದ ಸಾವಿತ್ರಿಬಾಯಿ ಫುಲೆಯವರ ಮೇಲೆ ಕೆಸರನ್ನೂ ಸಗಣಿಯನ್ನೂ ಎರಚಿದರು. ಆ ಭಯಕ್ಕೆ ಅವರು ತಲೆಬಾಗಿದ್ದರೆ, ಇಂದು ಈ ಸಂಚಿಕೆಯನ್ನು ಓದುವ ಸೋದರಿಯರು ಎಷ್ಟು ಮಂದಿ ಇರುತ್ತಿದ್ದರು?

ಹಾಗೆಂದು ಯಂತ್ರ ತಂದಿಟ್ಟ ಮಾತ್ರಕ್ಕೆ ವಿದ್ಯೆ ಬರುವುದೆಂದು ನಾನು ನಂಬಿದವಳೂ ಅಲ್ಲ. ಯುನೆಸ್ಕೋ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಜಾಗತಿಕ ಶಿಕ್ಷಣ ವರದಿಯು, ತಂತ್ರಜ್ಞಾನವು ಯಾರ ಷರತ್ತಿನ ಮೇಲೆ ಶಾಲೆಗೆ ಬರುತ್ತಿದೆಯೆಂದು ಕೇಳಿ, ಗುರುಶಿಷ್ಯರ ಮುಖಾಮುಖಿಯ ಸ್ಥಾನವನ್ನು ಅದು ಆಕ್ರಮಿಸಬಾರದೆಂದು ಎಚ್ಚರಿಸಿತು. ನಮ್ಮ ತರಗತಿಯ ಒಂದು ಅನುಭವವನ್ನೇ ಹೇಳುತ್ತೇನೆ. ಬರೆದುಕೊಡುವ ಯಂತ್ರಕ್ಕೆ, ಉಪಾಧ್ಯಾಯಿನಿಯ ಎದುರಿನಲ್ಲಿ, "ಕುಷ್ಟಗಿ ತಾಲ್ಲೂಕಿನ ನಮ್ಮ ಹಳ್ಳಿ" ಎಂಬ ವಿಷಯವನ್ನು ಕೊಟ್ಟೆವು. ಅರೆನಿಮಿಷದಲ್ಲಿ ಪ್ರಬಂಧ ಬಂತು. ವ್ಯಾಕರಣ ಶುದ್ಧವಾಗಿತ್ತು. ಆದರೆ ಅದರಲ್ಲಿ ತೆಂಗಿನ ತೋಪು, ಜುಳುಜುಳು ಹರಿಯುವ ತೊರೆ! ಹುಡುಗಿಯರು ಬಿದ್ದುಬಿದ್ದು ನಕ್ಕರು. "ಹಾಗಾದರೆ ಯಂತ್ರಕ್ಕೆ ಗೊತ್ತಿಲ್ಲದ್ದನ್ನು ನೀವು ಬರೆಯಿರಿ" ಎಂದೆನು. ಒಬ್ಬಳು ಸಜ್ಜೆಯ ರಾಶಿಯನ್ನು ಕುರಿತು ಬರೆದಳು. ಇನ್ನೊಬ್ಬಳು ತಂದೆತಾಯಿ ಗುಳೆ ಹೋದ ಮೇಲೆ ಅಜ್ಜಿಯೊಡನೆ ಕಳೆದ ತಿಂಗಳುಗಳನ್ನು ಬರೆದಳು. ಗಂಗಾವತಿಯ ಕಡೆಯವಳು ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಡುವ ದಿನದ ಸಡಗರವನ್ನು ಬರೆದಳು. ಕಾಗುಣಿತದ ತಪ್ಪುಗಳು ಹಲವಿದ್ದವು. ಅವನ್ನು ತಿದ್ದುವುದು ನಮ್ಮ ಕೆಲಸ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕೊಪಣವನ್ನು, ಎಂದರೆ ನಮ್ಮ ಈ ಕೊಪ್ಪಳವನ್ನು, ಹೆಸರಿಸಿದೆ. ಅಂತಹ ನೆಲದ ಮಕ್ಕಳು ತಮ್ಮ ಊರನ್ನು ಬಣ್ಣಿಸಲು ಯಂತ್ರದಿಂದ ಕನ್ನಡವನ್ನು ಕಡ ತರಬೇಕೇ?

ಆದಕಾರಣ ನನ್ನ ಅಭಿಪ್ರಾಯವಿಷ್ಟು. ಯಂತ್ರ ಶಾಲೆಯಲ್ಲಿ ಇರಲಿ. ಗೋಡೆಯ ಮೇಲಿನ ಪರದೆಯನ್ನು ಕೈಕಟ್ಟಿ ನೋಡುವುದಷ್ಟೇ ಆಗದೆ, ಪ್ರತಿ ಹುಡುಗಿಯ ಬೆರಳೂ ಕೀಲಿಮಣೆಯ ಮೇಲೆ ಆಡಲಿ. ಕನ್ನಡದಲ್ಲಿ ಬೆರಳಚ್ಚು ಮಾಡುವುದು, ವಿದ್ಯಾರ್ಥಿವೇತನದ ಅರ್ಜಿಯನ್ನು ತಾನೇ ತುಂಬುವುದು, ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ 'ದೀಕ್ಷಾ' ಪಾಠವನ್ನು ತೆರೆಯುವುದು, ಓದಿದ ಸುದ್ದಿ ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು, ಇವು ಇಂದಿನ ಅಕ್ಷರಾಭ್ಯಾಸ. ಆದರೆ ಮೊದಲು ತನ್ನ ಬುದ್ಧಿ, ಆಮೇಲೆ ಯಂತ್ರ. ಈ ಕ್ರಮ ತಪ್ಪಬಾರದು.

ಪೋಷಕರಲ್ಲಿ ನನ್ನ ಬಿನ್ನಹ ಎರಡು. ಮನೆಯಲ್ಲಿ ಫೋನು ಒಂದೇ ಇದ್ದರೆ, ದೀಪ ಹಚ್ಚಿದ ಮೇಲೆ ಒಂದು ಗಂಟೆ ಅದು ಮಗಳ ಓದಿಗೆ ಮೀಸಲಾಗಿರಲಿ. ಎಲ್ಲರೂ ಕುಳಿತಿರುವ ಪಡಸಾಲೆಯಲ್ಲಿಯೇ ಆಕೆ ಓದಲಿ. ಎರಡನೆಯದಾಗಿ, ಫೋನಿನಿಂದ ತೊಂದರೆಯೇನಾದರೂ ಒದಗಿದರೆ ಮಗಳನ್ನು ಶಾಲೆ ಬಿಡಿಸಬೇಡಿರಿ, ನಮ್ಮಲ್ಲಿಗೆ ಬನ್ನಿರಿ. ಆನ್‌ಲೈನ್ ವಂಚನೆಯಾದರೆ 1930 ಎಂಬ ಸಂಖ್ಯೆಯೂ, ಮಕ್ಕಳಿಗೆ ಯಾವುದೇ ಆಪತ್ತು ಬಂದರೆ 1098 ಎಂಬ ಸಂಖ್ಯೆಯೂ ಇವೆ. ಮಗಳು ಹೆದರದೆ ಬಂದು ಹೇಳುವಂತಹ ಮನೆಯೇ ಎಲ್ಲಕ್ಕಿಂತ ದೊಡ್ಡ ಕಾವಲು.

ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ, ಕಚೇರಿಗಳಲ್ಲಿ ಈ ಯಂತ್ರಗಳೊಡನೆ ದಿನವೂ ದುಡಿಯುವವರು. ಶಾಲೆಗೆ ಇನ್ನೊಂದು ಯಂತ್ರವನ್ನು ಕಾಣಿಕೆಯಾಗಿ ಕೊಡುವ ಮೊದಲು ತಿಂಗಳಿಗೊಂದು ಶನಿವಾರ ನಿಮ್ಮ ಒಂದು ಗಂಟೆಯನ್ನು ಕೊಡಿರಿ. ಹುಡುಗಿಯರ ಪಕ್ಕದಲ್ಲಿ ಕುಳಿತು ನಿಮಗೆ ತಿಳಿದುದನ್ನು ತೋರಿಸಿರಿ. ನಿಮ್ಮನ್ನು ಕಂಡ ತಾಯಂದಿರ ಅರ್ಧ ಭಯ ತಾನಾಗಿಯೇ ಹೋಗುವುದು.

ಅಂದು ಎರಡು ನೋಟುಬುಕ್ಕುಗಳನ್ನು ತಂದಿಟ್ಟ ಹುಡುಗಿಯ ಕ್ಷಮೆಯನ್ನು ನಾನು ಇಡೀ ತರಗತಿಯ ಎದುರಿನಲ್ಲಿಯೇ ಕೇಳಿದೆನು. ಅಂತಹ ಹುಡುಗಿಯರು ಇನ್ನು ಮೇಲೆ ರಾತ್ರಿಯ ಕಡೆಯ ಸರದಿಗಾಗಿ ಕಾಯದಂತೆ ನಾವೆಲ್ಲರೂ ನೋಡಿಕೊಳ್ಳೋಣವೆಂದು ಪ್ರಾರ್ಥಿಸಿ ಈ ಬಿನ್ನಹವನ್ನು ಮುಗಿಸುತ್ತೇನೆ.

— ಮುಖ್ಯೋಪಾಧ್ಯಾಯಿನಿ