ಸುಳಿವು ಮೊದಲು, ಕೊಲೆಗಾರ ಆಮೇಲೆ

ಪತ್ತೇದಾರಿ ಕಥೆ ಮುಗಿದಾಗ ನೋಡಿದವರ ಬಾಯಿಂದ ಬರುವುದು ಎರಡೇ ಮಾತು. "ಛೇ, ನನಗೆ ಹೊಳೀಲೇ ಇಲ್ವಲ್ಲ" ಎಂಬುದು ಒಂದು. "ಇದು ಮೋಸ ಕಣ್ರೀ" ಎಂಬುದು ಇನ್ನೊಂದು. ಮೊದಲನೆಯದು ಕಥೆಗಾರನಿಗೆ ಸಿಕ್ಕ ಶಹಬ್ಬಾಸ್‌ಗಿರಿ, ಎರಡನೆಯದು ಛೀಮಾರಿ. ವಾರವಾರ ಕಾದು ನೋಡುವ ವೈಜ್ಞಾನಿಕ ಕಥಾಸರಣಿಯ ಒಂದು ಕಂತಿನಲ್ಲಿ ಕೊಲೆಯಾಯಿತೆಂದರೆ ಎರಡನೆಯ ಮಾತಿನ ಸದ್ದೇ ಜೋರು. ಅಭಿಮಾನಿಗಳ ಈ ಸಿಟ್ಟನ್ನು ಕೆಲಸವಿಲ್ಲದವರ ಗದ್ದಲವೆಂದು ತಳ್ಳಿಹಾಕುವವರಿದ್ದಾರೆ. ನನ್ನ ಮಟ್ಟಿಗೆ ಅದು ಆರೋಗ್ಯವಂತ ಸಿಟ್ಟು. ನೀಲಗಿರಿ ಜಿಲ್ಲೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿದರೆ ಅದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಪತ್ತೇದಾರಿ ಕಥೆಗೂ ವೈಜ್ಞಾನಿಕ ಕಥೆಗೂ ಹುಟ್ಟಿನಿಂದಲೇ ಅಷ್ಟಕ್ಕಷ್ಟೆ. ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗಾರರಿಗೆಂದು ಹತ್ತು ಕಟ್ಟಳೆ ಬರೆದ. ದೆವ್ವ ಭೂತ ತರಬೇಡಿ, ಯಾರೂ ಕಂಡು ಕೇಳದ ವಿಷ ತರಬೇಡಿ, ಕೊನೆಯಲ್ಲಿ ಉದ್ದುದ್ದ ವಿವರಿಸಬೇಕಾದ ಯಂತ್ರವನ್ನಂತೂ ತರಲೇಬೇಡಿ ಎಂಬುದು ಅವುಗಳಲ್ಲಿ ಸೇರಿತ್ತು. ವೈಜ್ಞಾನಿಕ ಕಥೆಯ ಬಂಡವಾಳವೇ ಕಂಡು ಕೇಳದ ಯಂತ್ರ. ಅಮೆರಿಕದ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಕೂಡ ಇವೆರಡೂ ಕೂಡಿ ಬಾಳಲಾರವು ಎನ್ನುತ್ತಿದ್ದ. ಪತ್ತೇದಾರ ಸಿಕ್ಕಿಬಿದ್ದಾಗಲೆಲ್ಲ ಜೇಬಿನಿಂದ ಹೊಸ ಸಾಧನ ತೆಗೆದರೆ ಓದುಗನಿಗೆ ಉಳಿಯುವುದೇನು?

ಇದಕ್ಕೆ ಐಸಾಕ್ ಅಸಿಮೋವ್ ಕಾದಂಬರಿಯಲ್ಲೇ ಉತ್ತರ ಕೊಟ್ಟರು. 1954ರಲ್ಲಿ ಪುಸ್ತಕವಾಗಿ ಬಂದ 'ದಿ ಕೇವ್ಸ್ ಆಫ್ ಸ್ಟೀಲ್'ನಲ್ಲಿ ಒಂದು ಕೊಲೆ ನಡೆಯುತ್ತದೆ. ಅದನ್ನು ಪತ್ತೆಹಚ್ಚುವ ಪೊಲೀಸನ ಜೊತೆಗಾರ ಮನುಷ್ಯರೂಪದ ರೋಬೋ. ರೋಬೋ ಮನುಷ್ಯನಿಗೆ ಕೇಡು ಮಾಡಲಾರದು ಎಂಬ ನಿಯಮವನ್ನು ಲೇಖಕ ಓದುಗನ ಕೈಗೆ ಮೊದಲೇ ಕೊಟ್ಟಿರುತ್ತಾರೆ. ಆ ಲೋಕ ಎಷ್ಟೇ ವಿಚಿತ್ರವಾಗಿರಲಿ, ಅಲ್ಲಿ ಏನು ಆಗಬಹುದು, ಏನು ಆಗದು ಎಂಬುದು ಗೊತ್ತಿದ್ದರೆ ಪೊಲೀಸನ ಜೊತೆ ಓದುಗನೂ ತಲೆ ಓಡಿಸಬಹುದು.

ಕಿರುತೆರೆಗೆ ಬಂದರೆ 'ಸ್ಟಾರ್ ಟ್ರೆಕ್' ಒಂದರಲ್ಲೇ ಎರಡು ಬಗೆಯ ಕಂತುಗಳಿವೆ. 1967ರ 'ವುಲ್ಫ್ ಇನ್ ದಿ ಫೋಲ್ಡ್' ಬರೆದದ್ದು 'ಸೈಕೋ' ಕಾದಂಬರಿಯ ರಾಬರ್ಟ್ ಬ್ಲಾಕ್. ಹೆಂಗಸರ ಕೊಲೆಯ ಆರೋಪ ಅಂತರಿಕ್ಷ ನೌಕೆಯ ಎಂಜಿನಿಯರನ ತಲೆಗೆ ಬರುತ್ತದೆ. ಕೊನೆಗೆ ನೋಡಿದರೆ ಕೊಲೆಗಾರ ಭಯವನ್ನೇ ಉಂಡು ಬದುಕುವ, ಮೈಯಿಂದ ಮೈಗೆ ಹಾರುವ ಒಂದು ಜೀವಿ. ಹೆದರಿಸುವ ಕಂತೇನೋ ಹೌದು, ಆದರೆ ನೋಡುಗನಿಗೆ ಊಹಿಸಲು ಬಿಟ್ಟ ಜಾಗ ಕಡಿಮೆ. 1990ರ 'ಎ ಮ್ಯಾಟರ್ ಆಫ್ ಪರ್ಸ್ಪೆಕ್ಟಿವ್' ಕಂತಿನದು ಬೇರೆ ದಾರಿ. ವಿಜ್ಞಾನಿಯೊಬ್ಬ ಸಾಯುತ್ತಾನೆ, ನೌಕೆಯ ಅಧಿಕಾರಿ ಆರೋಪಿ. ಸಾಕ್ಷಿಗಳು ಹೇಳಿದ್ದನ್ನೆಲ್ಲ ಯಂತ್ರ ಕಣ್ಣೆದುರೇ ಆಡಿ ತೋರಿಸುತ್ತದೆ. ಒಬ್ಬೊಬ್ಬರ ಮಾತಿನಲ್ಲಿ ಒಂದೊಂದು ಸತ್ಯ. ಮಲ್ಪೆಯ ಕಥೆ ಹೇಳಿದ ನಮ್ಮ 'ಉಳಿದವರು ಕಂಡಂತೆ' ಚಿತ್ರ ನೋಡಿದವರಿಗೆ ಈ ಧಾಟಿ ಹೊಸತಲ್ಲ. ಒಗಟು ಬಿಡಿಸುವ ಎಳೆ ಮಾತ್ರ ಮೊದಲೇ ಸಿಕ್ಕಿರುತ್ತದೆ: ನೌಕೆಯಲ್ಲಿ ನಿಗದಿತ ಹೊತ್ತಿಗೊಮ್ಮೆ ಕಾಣಿಸುವ ವಿಕಿರಣದ ಹೊಡೆತ. ಕಂಡವರಿಗೆ ಕಂಡಿತು, ಕಾಣದವರು ತಲೆ ಚಚ್ಚಿಕೊಂಡರು. ಬಿಡಿಸಿದ್ದು ಬರೀ ಪರಿಭಾಷೆಯಲ್ಲಿ ಎಂದು ಗೊಣಗುವವರೂ ಇದ್ದಾರೆ. ಆ ಗೊಣಗಾಟವೂ ನ್ಯಾಯದ್ದೇ.

ಈ ಅಭಿಮಾನಿಗಳು ಸಾಮಾನ್ಯರಲ್ಲ. ಮೂಲ 'ಸ್ಟಾರ್ ಟ್ರೆಕ್' ನಿಂತೇಹೋಗುತ್ತದೆಂಬ ಸುದ್ದಿ ಹಬ್ಬಿದಾಗ ವಾಹಿನಿಗೆ ಪತ್ರಗಳ ಮಳೆಗರೆದು ಮೂರನೆಯ ವರ್ಷಕ್ಕೆ ಅದನ್ನು ದಾಟಿಸಿದವರು ಅವರು.

ಕನ್ನಡದ ಅಭಿಮಾನಿಗಳು ಪತ್ರ ಬರೆಯುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು, ದುಡ್ಡನ್ನೇ ಕೊಟ್ಟರು. ಪವನ್ ಕುಮಾರ್ ಅವರ 'ಲೂಸಿಯಾ'ಕ್ಕೆ 110 ಜನ ಸೇರಿ 27 ದಿನಗಳಲ್ಲಿ 51 ಲಕ್ಷ ರೂಪಾಯಿ ಹೊಂದಿಸಿದರು. ನಿದ್ದೆ ಬಾರದವನಿಗೆ ಬೇಕಾದ ಕನಸು ಕೊಡುವ ಮಾತ್ರೆ, ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ ಮನುಷ್ಯ, ಅವನ ಸುತ್ತ ಒಂದು ತನಿಖೆ. ಚಿತ್ರ 2013ರ ಸೆಪ್ಟೆಂಬರ್‌ನಲ್ಲಿ ತೆರೆಗೆ ಬಂತು. ಅದಕ್ಕೆ ಮೊದಲೇ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದಿತ್ತು. ಕೊನೆ ಏನೆಂದು ಇಲ್ಲಿ ಹೇಳಿ ಬೈಸಿಕೊಳ್ಳಲಾರೆ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ ಎಂಬಷ್ಟು ಮಾತ್ರ ಹೇಳಬಹುದು. ಸುಳಿವು ಶುರುವಿನಿಂದಲೂ ಕಣ್ಣ ಮುಂದೆಯೇ ಇತ್ತು. ಮೋಸ ಎನ್ನುವ ಬದಲು ಜನ ಇನ್ನೊಂದು ಟಿಕೆಟ್ ಕೊಂಡು ಮತ್ತೆ ನೋಡಿದ್ದು ಅದಕ್ಕೇ.

ಇದೇ ಪವನ್ ಕುಮಾರ್ 2021ರಲ್ಲಿ ಎಂಟು ಕಂತಿನ ಸರಣಿಯೊಂದನ್ನು ನಿರ್ದೇಶಿಸಿದರು. ಒಬ್ಬ ಪೊಲೀಸ್ ಅಧಿಕಾರಿ, ಒಬ್ಬ ಊಟ ತಲುಪಿಸುವ ಹುಡುಗ. ಇಬ್ಬರೂ ಒಂದೇ ದಿನವನ್ನು ಮತ್ತೆ ಮತ್ತೆ ಬದುಕುತ್ತ ಅಪರಾಧದ ಬೆನ್ನು ಹತ್ತುತ್ತಾರೆ. ವೈಜ್ಞಾನಿಕ ಕಲ್ಪನೆ ಮತ್ತು ಪತ್ತೇದಾರಿಕೆ ಕೂಡಿದ ಆ ಸರಣಿಯ ಹೆಸರು 'ಕುಡಿ ಎಡಮೈತೇ', ಭಾಷೆ ತೆಲುಗು. ಕನ್ನಡದಲ್ಲಿ 'ಏಕಂ' ಸರಣಿ ಮಾಡಿದವರು 2024ರಲ್ಲಿ ತಾವೇ ತಾಣ ತೆರೆದು ಜನರಿಗೆ ತೋರಿಸಬೇಕಾಯಿತು. ನೀಲಗಿರಿಯ ಗೂಡಲೂರಿನಲ್ಲಿ ಮೈಸೂರು, ವಯನಾಡು, ನಿಲಂಬೂರು, ಊಟಿಯ ದಾರಿಗಳೆಲ್ಲ ಸೇರುತ್ತವೆ. ಅಲ್ಲಿನ ಕನ್ನಡದ ಮನೆಯವರಿಗೆ ತಮಿಳಿನ ಕೊಲೆಕಥೆಗೂ ಮಲಯಾಳದ ಕೊಲೆಕಥೆಗೂ ಬರವಿಲ್ಲ. ಅವರದೇ ಭಾಷೆಯದು ಬೇಕೆಂದರೆ ಹುಡುಕಬೇಕು. ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ'ನನ್ನು ಊಟ ಬಿಟ್ಟು ಓದಿದ, ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳನ್ನು ಕಂಡ ಭಾಷೆ ನಮ್ಮದು. ಇವೆರಡನ್ನೂ ಕೂಡಿಸಿ ಬರೆಯಬಲ್ಲವರು ಇದ್ದಾರೆ, ಓದಿ ನೋಡುವವರಂತೂ ಇದ್ದೇ ಇದ್ದಾರೆ. ದುಡ್ಡು ಹಾಕುವವರಿಗೆ ಮಾತ್ರ ಧೈರ್ಯ ಸಾಲದು.

ಅಂಥ ಕಥೆಗೆ ಜಾಗ ಹುಡುಕುತ್ತ ಬೇರೆ ಗ್ರಹಕ್ಕೆ ಹೋಗಬೇಕಿಲ್ಲ. ಊಟಿಯ ಹತ್ತಿರ ಮುತ್ತೋರೈನಲ್ಲಿ 1970ರಿಂದ ಒಂದು ರೇಡಿಯೋ ದೂರದರ್ಶಕವಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಕಟ್ಟಿಸಿದ್ದು. ಉದ್ದ 530 ಮೀಟರ್, ಅಗಲ 30 ಮೀಟರ್. ಆ ಜಾಗದ ಅಕ್ಷಾಂಶ ಸುಮಾರು 11 ಡಿಗ್ರಿ. ಅಷ್ಟೇ ಇಳಿಜಾರಿನ ಗುಡ್ಡ ಹುಡುಕಿ ಅದರ ಮೈಮೇಲೆ ಕೂರಿಸಿದ್ದರಿಂದ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಂತಿತು. ಒಂದೇ ಅಕ್ಷದ ಸುತ್ತ ತಿರುಗಿಸುತ್ತ ಆಕಾಶದ ಒಂದು ಬಿಂದುವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಅದು ಮೊದಮೊದಲು ಮಾಡಿದ್ದು ಅಪ್ಪಟ ಪತ್ತೇದಾರಿಕೆ. ಚಂದ್ರ ಅಡ್ಡ ಬಂದಾಗ ದೂರದ ರೇಡಿಯೋ ಮೂಲ ಯಾವ ಕ್ಷಣ ಮರೆಯಾಯಿತು, ಯಾವ ಕ್ಷಣ ಮತ್ತೆ ಕಂಡಿತು ಎಂದು ಗುರುತಿಸಿಕೊಂಡು ಅದರ ಜಾಗವನ್ನೂ ಗಾತ್ರವನ್ನೂ ಲೆಕ್ಕ ಹಾಕಿದರು.

ಊಟಿಯದೇ ಗ್ರೇಪ್ಸ್-3 ಪ್ರಯೋಗಾಲಯದ ಕಥೆ ಇನ್ನೂ ಸೊಗಸು. ಆಕಾಶದಿಂದ ಸದಾ ಸುರಿಯುವ ಮ್ಯುವಾನ್ ಕಣಗಳನ್ನು ಎಣಿಸುವುದು ಅದರ ಕೆಲಸ. 2014ರ ಡಿಸೆಂಬರ್ 1ರಂದು ಗುಡುಗಿನ ಮೋಡವೊಂದು ಮೇಲೆ ಹಾದಾಗ ಎಣಿಕೆ ಇಳಿಯಿತು. ಎಷ್ಟು ಇಳಿಯಿತು ಎಂಬುದನ್ನೇ ಹಿಡಿದು ಮೋಡದೊಳಗಿನ ವಿದ್ಯುತ್ ವಿಭವ 130 ಕೋಟಿ ವೋಲ್ಟ್ ಎಂದು 2019ರಲ್ಲಿ ಪ್ರಕಟಿಸಿದರು. ಮೋಡವನ್ನು ಯಾರೂ ಮುಟ್ಟಲಿಲ್ಲ, ಬಾರದೆ ಉಳಿದ ಕಣಗಳೇ ಸಾಕ್ಷಿ ಹೇಳಿದವು. ಬೊಗಳದ ನಾಯಿಯಿಂದ ಕಳ್ಳನನ್ನು ಹಿಡಿದ ಶರ್ಲಾಕ್ ಹೋಮ್ಸ್ ಇದನ್ನು ಕಂಡಿದ್ದರೆ ಟೋಪಿ ತೆಗೆಯುತ್ತಿದ್ದ.

ಕಾಡಿನಲ್ಲೂ ಇದೇ ನ್ಯಾಯ. 2021ರಲ್ಲಿ ಗೂಡಲೂರು, ಮಸಿನಗುಡಿ ಭಾಗದಲ್ಲಿ ನಾಲ್ವರನ್ನು ಕೊಂದ ಆರೋಪ ಟಿ-23 ಎಂಬ ಹುಲಿಯ ಮೇಲೆ ಬಂತು. ಜನ ರೊಚ್ಚಿಗೆದ್ದರು, ಗುಂಡಿಕ್ಕಬಹುದೆಂಬ ಆದೇಶವೂ ಹೊರಟಿತು. ಮನೆಯವರನ್ನು ಕಳೆದುಕೊಂಡವರ ಸಂಕಟದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮದ್ರಾಸ್ ಹೈಕೋರ್ಟ್ ಕೂಡಲೇ ಕೊಲ್ಲಬೇಡಿ ಎಂದಿತು. ಒಂದನ್ನು ಹುಡುಕುತ್ತ ಇನ್ನೊಂದನ್ನು ಕೊಂದರೆ ಗತಿಯೇನು? ಕ್ಯಾಮೆರಾಗಳಲ್ಲಿ ಸಿಕ್ಕ ಚಿತ್ರಗಳ ಪಟ್ಟೆಗೆ ಪಟ್ಟೆ ತಾಳೆ ನೋಡುತ್ತ, ಕುಮ್ಕಿ ಆನೆ, ಡ್ರೋನ್ ಎಲ್ಲವನ್ನೂ ಬಳಸಿ ಅಕ್ಟೋಬರ್ 15ರಂದು ಹುಲಿಯನ್ನು ಜೀವಂತ ಹಿಡಿದರು. ಅದನ್ನು ಕಳಿಸಿದ್ದು ಮೈಸೂರಿನ ಕೂರ್ಗಳ್ಳಿಯ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ. ಹುಲಿಯಾದರೂ ಸರಿ, ಇದೇ ಅದು ಎಂದು ತೋರಿಸಬೇಕು ಎಂಬ ಹಟ ಅಲ್ಲಿ ಗೆದ್ದಿತು.

ಮನುಷ್ಯರ ವಿಷಯದಲ್ಲಿ ಆ ತಾಳ್ಮೆ ನಮಗಿಲ್ಲ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ತೀರಿಕೊಂಡು ಕೆಲವೇ ತಿಂಗಳಿಗೆ, 2017ರ ಏಪ್ರಿಲ್ 24ರಂದು, ಕೋಟಗಿರಿ ಹತ್ತಿರ ಅವರ ಬಂಗಲೆಯಿದ್ದ ಕೊಡನಾಡು ಎಸ್ಟೇಟಿಗೆ ಗುಂಪೊಂದು ನುಗ್ಗಿತು. ನೇಪಾಳದಿಂದ ದುಡಿಯಲು ಬಂದಿದ್ದ ಕಾವಲುಗಾರನ ಕೊಲೆಯಾಯಿತು. ಕೆಲವೇ ದಿನಗಳಲ್ಲಿ ಆರೋಪಿಯೊಬ್ಬ ಸೇಲಂ ಜಿಲ್ಲೆಯ ರಸ್ತೆ ಅಪಘಾತದಲ್ಲಿ ಸತ್ತ. ಅಂದಿನಿಂದ ಅದು ಪ್ರಕರಣವಾಗಿ ಉಳಿಯಲಿಲ್ಲ, ಧಾರಾವಾಹಿಯಾಯಿತು. ಟೀವಿ ಚರ್ಚೆಗಳಲ್ಲಿ ಕಂತು ಕಂತಾಗಿ ಓಡಿತು. ಚುನಾವಣೆ ಬಂದಾಗಲೆಲ್ಲ ಹೊಸ ತಿರುವು, ವಾಟ್ಸಾಪ್ ತೆರೆದರೆ ಹೊಸ ಕೊಲೆಗಾರ. 2022ರಲ್ಲಿ ತನಿಖೆ ಸಿಬಿ-ಸಿಐಡಿಗೆ ಹೋಯಿತು. ಪೊಲೀಸರು ಹುಡುಕುವುದಕ್ಕೆ ಎಷ್ಟೋ ಮೊದಲೇ ನಾಡಿನ ಅರ್ಧ ಜನ ತೀರ್ಪು ಕೊಟ್ಟು ಕೈತೊಳೆದುಕೊಂಡಿದ್ದರು. ಸತ್ತ ಕಾವಲುಗಾರನ ಮನೆಯವರಿಗೆ ಏನಾಯಿತು ಎಂದು ಕೇಳಿದವರು ಆ ಚರ್ಚೆಗಳಲ್ಲಿ ಎಷ್ಟು ಮಂದಿ?

ಇಲ್ಲಿಯೇ ನನ್ನ ತಕರಾರು. ತೆರೆಯ ಮೇಲಿನ ಕೊಲೆಗೆ ಸುಳಿವು ಸಾಲದೆಂದು ಜಗಳವಾಡುವ ನಾವೇ ನಿಜವಾದ ಕೊಲೆಗೆ ಸುಳಿವೇ ಇಲ್ಲದೆ ಅಪರಾಧಿಯನ್ನು ಒಪ್ಪಿಕೊಳ್ಳುತ್ತೇವೆ. ಕಥೆಗಾರ ಜೇಬಿನಿಂದ ಯಂತ್ರ ತೆಗೆದರೆ ಮೋಸ ಎನ್ನುತ್ತೇವೆ, ಟೀವಿಯವನು ಜೇಬಿನಿಂದ ಹೆಸರು ತೆಗೆದರೆ ಹಂಚಿಕೊಳ್ಳುತ್ತೇವೆ. ಊಹೆ ಕಟ್ಟುವುದು ಕಥೆಯಲ್ಲಿ ಆಟ, ತಪ್ಪಿದರೆ ನಕ್ಕು ಮುಂದಿನ ಕಂತಿಗೆ ಕಾಯಬಹುದು. ನಿಜದಲ್ಲಿ ಒಬ್ಬರ ಮಾನ ಹೋಗುತ್ತದೆ, ಮುಂದಿನ ಕಂತು ಬಂದು ಅದನ್ನು ಮರಳಿ ಕೊಡುವುದಿಲ್ಲ.

ಆದ್ದರಿಂದ ಸರಣಿ ಮಾಡುವವರಿಗೆ ಒಂದು ಮಾತು: ಕನ್ನಡದ ನೋಡುಗನನ್ನು ನಂಬಿ. ನಿಯಮ ಮೊದಲು ಹೇಳಿ, ಸುಳಿವು ಕಣ್ಣೆದುರು ಇಡಿ, ಆಮೇಲೆ ಎಷ್ಟು ಬೇಕಾದರೂ ತಿರುವು ಕೊಡಿ. ಅಭಿಮಾನಿಗಳಿಗೂ ಒಂದು ಮಾತು: "ಇದು ಮೋಸ" ಎನ್ನುವ ಆ ಸಿಟ್ಟು ಅಮೂಲ್ಯವಾದದ್ದು, ಕಂತು ಮುಗಿದ ಕೂಡಲೇ ಆರಿಸಿಬಿಡಬೇಡಿ. ಸುಳಿವು ತೋರಿಸದೆ ಕೊಲೆಗಾರನನ್ನು ತೋರಿಸುವವರನ್ನು ತೆರೆಯ ಮೇಲೂ ನಂಬಬೇಡಿ, ತೆರೆಯ ಹೊರಗೂ ನಂಬಬೇಡಿ.